ಉಸಿರುದಾರಿಯಲ್ಲಿ ಉರಿಯ ಗುರುತುಗಳು

ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಗಬಹುದು. ಅಧ್ಯಾಪಕರು ಇದನ್ನು ಅಧಿಕಪ್ರಸಂಗವೆಂದು ಎಣಿಸಲೂಬಹುದು. ಆದರೆ ಈ ಅಧಿಕಪ್ರಸಂಗಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದೆ.

ನಮ್ಮ ಮನೆಯಲ್ಲಿ ಗೂರಲು ಇರುವವರು ಇಬ್ಬರು. ಒಬ್ಬರು ನನ್ನ ಚಿಕ್ಕಪ್ಪ, ಇನ್ನೊಬ್ಬರು ನನ್ನ ಅಜ್ಜಿ. ಚಿಕ್ಕಪ್ಪನಿಗೆ ಹುಡುಗತನದಿಂದಲೂ ಈ ಕಾಟ. ಸುಗ್ಗಿಯಲ್ಲಿ ಕಣದ ಧೂಳು ಎದ್ದಿತೆಂದರೆ ಅಂದಿನ ರಾತ್ರಿ ಅವರ ಎದೆಯಲ್ಲಿ ಸಿಳ್ಳು ಹಾಕಿದಂತೆ ಶಬ್ದ. ಬೆಳಗಾದರೆ ಏನೂ ಆಗದವರಂತೆ ಹೊಲಕ್ಕೆ ಹೊರಡುವರು. ಅಜ್ಜಿಯದು ಹಾಗಲ್ಲ. ಐವತ್ತು ದಾಟಿದ ಮೇಲೆ ಮೊದಲು ಕೆಮ್ಮು ಬಂದಿತು, ಅನಂತರ ಕಫ, ಅದಾದ ಮೇಲೆ ಏದುಸಿರು. ಬಂದುದು ಯಾವುದೂ ಹಿಂದಿರುಗಿ ಹೋಗಲಿಲ್ಲ. ಮಾರಿಗುಡಿಯವರೆಗೆ ಹೋಗಿಬರಲು ಮೂರು ಕಡೆ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ತಾಯಿಗೂ ಮಗನಿಗೂ ಒಂದೇ ಕಾಯಿಲೆ, ಇದು ಮನೆತನದ ಗೂರಲು ಎಂದು ನಾವೆಲ್ಲರೂ ನಂಬಿದ್ದೆವು. ಚಿಕ್ಕಪ್ಪನಿಗೆ ಎಳೆದುಕೊಳ್ಳುವ ಪಂಪಿನಿಂದ ಗುಣ ಕಂಡಾಗ ಅದೇ ಪಂಪನ್ನು ಅಜ್ಜಿಗೂ ತಂದುಕೊಟ್ಟೆವು. ಎರಡು ವರ್ಷ ಎಳೆದುಕೊಂಡರು. ಗುಣ ಕಾಣಲಿಲ್ಲ.

ಆಮೇಲೆ ಒಮ್ಮೆ ಜ್ವರವೂ ಕೆಮ್ಮೂ ಹೆಚ್ಚಾಗಿ ಅಜ್ಜಿಯನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಜ್ವರ ಇಳಿದು ಕೆಲವು ವಾರ ಕಳೆದ ಮೇಲೆ ಅಲ್ಲಿಯ ಡಾಕ್ಟರು ಅಜ್ಜಿಯಿಂದ ಒಂದು ಕೊಳವೆಯೊಳಕ್ಕೆ ಊದಿಸಿದರು, ರಕ್ತದ ಪರೀಕ್ಷೆ ಮಾಡಿಸಿದರು, ಕೊನೆಗೆ, "ಅಜ್ಜೀ, ಒಲೆ ಮುಂದೆ ಎಷ್ಟು ವರ್ಷ ಕೂತಿದ್ದೀರಿ?" ಎಂದು ಕೇಳಿದರು. "ಬುದ್ಧಿ ಬಂದಾಗ್ಲಿಂದ್ಲೂ ಹೊಗೇನೇ ಕುಡ್ದಿವ್ನಿ ಕನ್ ಸ್ವಾಮಿ. ಅದೇನ್ ಹೊಸ್ದಾ?" ಎಂದರು ಅಜ್ಜಿ. ಡಾಕ್ಟರು ಒಂದು ಚೀಟಿಯ ಮೇಲೆ ಎರಡು ಅಂಕಿಗಳನ್ನು ಬರೆದು ನನ್ನ ಕೈಗೆ ಕೊಟ್ಟರು: ೦.೫೨ ಮತ್ತು ೮೦. "ನಿಮ್ಮ ಚಿಕ್ಕಪ್ಪನ ಕಾಯಿಲೆ ಬೇರೆ, ಇವರದ್ದು ಬೇರೆ. ಪಂಪನ್ನು ಬದಲಾಯಿಸುತ್ತೇನೆ" ಎಂದರು.

ಬೇರೆ ಎಂಬುದು ಅವರಿಗೆ ಹೇಗೆ ತಿಳಿಯಿತು? ಕಣ್ಣಿಗೆ ಕಾಣದ ಎದೆಯೊಳಗಿನ ಸಂಗತಿಯನ್ನು ಎರಡು ಅಂಕಿಗಳು ಹೇಗೆ ಹೇಳಿದವು? ಆ ಚೀಟಿ ಇಂದಿಗೂ ನನ್ನ ಬಳಿ ಇದೆ. ಈ ಲೇಖನ ಅದನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ.

೧. ಗಾಳಿಯ ದಾರಿ ಮತ್ತು ಅದರ ಕಿರಿದಾಗುವಿಕೆ

ಗಂಟಲಿನಿಂದ ಇಳಿಯುವ ಶ್ವಾಸನಾಳವು ಮರದ ಕಾಂಡದಂತೆ ಕವಲೊಡೆಯುತ್ತಾ ಹೋಗುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು ಇಪ್ಪತ್ತಮೂರು ಬಾರಿ ಕವಲೊಡೆದ ಮೇಲೆ ಕೋಟ್ಯಂತರ ಗಾಳಿಗೂಡುಗಳಲ್ಲಿ ಕೊನೆಗೊಳ್ಳುವುದು. ಈ ದಾರಿಯು ಕಿರಿದಾದರೆ ಗಾಳಿಯನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದೇ ಹೆಚ್ಚು ಕಷ್ಟವಾಗುತ್ತದೆ.

ಈ ಕಷ್ಟವನ್ನು ಅಳೆಯುವ ಉಪಕರಣಕ್ಕೆ ಸ್ಪೈರೋಮೀಟರ್ ಎಂದು ಹೆಸರು. ೧೮೪೬ರಲ್ಲಿ ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ವಿವರವಾಗಿ ಪ್ರಕಟಪಡಿಸಿದರು. ಇಂದು ರೋಗಿಯು ಎದೆ ತುಂಬ ಉಸಿರೆಳೆದು, ಸಾಧ್ಯವಾದಷ್ಟು ವೇಗವಾಗಿ ಪೂರ್ತಿ ಊದಬೇಕು. ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲನೆಯ ಸೆಕೆಂಡಿನಲ್ಲಿ ಬಂದ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನಾಳಗಳನ್ನು ಅಗಲಿಸುವ ಔಷಧ ಕೊಟ್ಟ ಮೇಲೂ ಆ ಪಾಲು ೦.೭೦ಕ್ಕಿಂತ ಕಡಮೆಯಿದ್ದರೆ, ದಾರಿಯ ಅಡಚಣೆ ತಾನಾಗಿ ಬಿಟ್ಟುಹೋಗುವಂಥದಲ್ಲ ಎಂದು ತಿಳಿಯಬೇಕು. ಚೀಟಿಯ ಮೊದಲನೆಯ ಅಂಕಿ ೦.೫೨ ಇದೇ. ಹೊಗೆಯ ಪೂರ್ವಚರಿತ್ರೆಯೂ ಕೆಮ್ಮು, ಕಫ, ಏದುಸಿರೂ ಇದರೊಡನೆ ಸೇರಿದಾಗ ವೈದ್ಯರು ಸಿ.ಓ.ಪಿ.ಡಿ. ಎಂದು ಹೆಸರಿಡುತ್ತಾರೆ. ಆಸ್ತಮಾದಲ್ಲಿಯಾದರೋ ಅಡಚಣೆಯು ಏರಿಳಿಯುತ್ತದೆ. ಇಂದು ಇದ್ದುದು ನಾಳೆ ಇಲ್ಲದಿರಬಹುದು.

ಆದರೆ ಸ್ಪೈರೋಮೀಟರ್ ದಾರಿ ಎಷ್ಟು ಕಿರಿದಾಗಿದೆ ಎಂದು ಮಾತ್ರ ಹೇಳಬಲ್ಲುದು. ಒಳಗೆ ಯಾವ ಬಗೆಯ ಉರಿ ಹೊತ್ತಿಕೊಂಡಿದೆ ಎಂಬುದನ್ನು ಅದು ಹೇಳದು. ಅದಕ್ಕಾಗಿ ಶರೀರವೇ ಬಿಟ್ಟುಹೋಗುವ ಗುರುತುಗಳನ್ನು ಹುಡುಕಬೇಕು. ಇವನ್ನು ಜೈವಿಕ ಸೂಚಕಗಳೆಂದು ಕರೆಯಬಹುದು.

೨. ಉರಿಯೂತದ ಸಾಕ್ಷಿಗಳು

ಕಾಲಿಗೆ ಮುಳ್ಳು ಚುಚ್ಚಿದರೆ ಆ ಭಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಬರೆದಿಟ್ಟಿದ್ದಾನೆ. ಇದೇ ಉರಿಯೂತ. ಶತ್ರುವನ್ನು ಹೊಡೆದೋಡಿಸಲು ಬಿಳಿಯ ರಕ್ತಕಣಗಳು ಆ ಸ್ಥಳಕ್ಕೆ ಧಾವಿಸುವುದರಿಂದ ಇದು ಉಂಟಾಗುತ್ತದೆ. ಮುಳ್ಳು ತೆಗೆದರೆ ನಿಲ್ಲುವುದು. ಆದರೆ ಶ್ವಾಸನಾಳದಲ್ಲಿ ಧೂಳೋ ಹೊಗೆಯೋ ದಿನದಿನವೂ ಚುಚ್ಚುತ್ತಿದ್ದರೆ ಉರಿಯೂತವೂ ದೀರ್ಘಕಾಲ ಉಳಿದುಬಿಡುತ್ತದೆ.

ಅಲ್ಲಿಗೆ ಬರುವ ಬಿಳಿಯ ಕಣಗಳೆಲ್ಲ ಒಂದೇ ಜಾತಿಯವಲ್ಲ. ೧೮೭೯ರಲ್ಲಿ ಪೌಲ್ ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿಯು, ಈಯೊಸಿನ್ ಎಂಬ ಕೆಂಪುಬಣ್ಣವನ್ನು ಗಾಢವಾಗಿ ಹೀರಿಕೊಳ್ಳುವ ಒಂದು ಜಾತಿಯನ್ನು ಬೇರ್ಪಡಿಸಿ ಅದಕ್ಕೆ ಈಯೊಸಿನೊಫಿಲ್ ಎಂಬ ಹೆಸರು ಕೊಟ್ಟರು. ಅದಕ್ಕೂ ಮೊದಲೇ, ೧೮೭೨ರಲ್ಲಿ, ಲೈಡನ್ ಎಂಬವರು ಗೂರಲು ರೋಗಿಗಳ ಕಫದಲ್ಲಿ ಸೂಜಿಯಂತಹ ಹರಳುಗಳನ್ನು ಸೂಕ್ಷ್ಮದರ್ಶಕದಿಂದ ಕಂಡಿದ್ದರು. ಅವು ಈಯೊಸಿನೊಫಿಲ್‌ಗಳಿಂದ ಹೊರಬಿದ್ದ ಪ್ರೋಟೀನಿನ ಹರಳುಗಳೆಂದು ಈಗ ತಿಳಿದಿದೆ.

ಈ ಕೆಂಪು ಕಾಳಿನ ಕಣಗಳಿಗೆ ವೈದ್ಯಕೀಯದಲ್ಲಿ ನಿಜವಾದ ಬೆಲೆ ಬಂದುದು ೧೯೫೮ರಲ್ಲಿ. ಆ ವೇಳೆಗೆ ಸ್ಟಿರಾಯ್ಡ್ ಔಷಧಿಗಳು ಬಳಕೆಗೆ ಬಂದಿದ್ದವು. ದೀರ್ಘಕಾಲದ ಗೂರಲಿಗೆ ಅವುಗಳಿಂದ ಎಷ್ಟು ಉಪಯೋಗ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಇಂಗ್ಲೆಂಡಿನ ಹ್ಯಾರಿ ಮಾರೋ ಬ್ರೌನ್ ಎಂಬ ವೈದ್ಯರು ಔಷಧ ಕೊಡುವ ಮೊದಲು ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಫದಲ್ಲಿ ಈಯೊಸಿನೊಫಿಲ್ ಇದ್ದವರಿಗೆ ಪ್ರೆಡ್ನಿಸೊಲೋನ್ ಚೆನ್ನಾಗಿ ಹಿಡಿಯಿತು; ಇಲ್ಲದವರಿಗೆ ಹಿಡಿಯಲಿಲ್ಲ. ಹೊರಗೆ ಒಂದೇ ತೆರನಾಗಿ ಏದುಸಿರು ಬಿಡುತ್ತಿದ್ದವರನ್ನು ಒಂದು ಗಾಜಿನ ಪಟ್ಟಿಯ ಮೇಲಿನ ಕಫ ಎರಡು ಗುಂಪಾಗಿ ವಿಂಗಡಿಸಿತು! ೨೦೦೨ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ೭೪ ಮಂದಿ ಆಸ್ತಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಕ್ರಮದಲ್ಲಿಯೂ ಇನ್ನೊಂದಕ್ಕೆ ಕಫದ ಈಯೊಸಿನೊಫಿಲ್ ಎಣಿಕೆಯನ್ನು ನೋಡಿಕೊಂಡೂ ಚಿಕಿತ್ಸೆ ಮಾಡಿದರು. ಒಂದು ವರ್ಷದಲ್ಲಿ ಮೊದಲನೆಯ ಗುಂಪಿನಲ್ಲಿ ರೋಗ ತೀವ್ರವಾಗಿ ಉಲ್ಬಣಿಸಿದ ಸಂದರ್ಭಗಳು ೧೦೯. ಎರಡನೆಯ ಗುಂಪಿನಲ್ಲಿ ೩೫ ಮಾತ್ರ.

ಕಫದ ಪರೀಕ್ಷೆ ಎಲ್ಲ ಕಡೆಯೂ ಸುಲಭವಲ್ಲವಾದುದರಿಂದ ರಕ್ತದಲ್ಲಿರುವ ಈಯೊಸಿನೊಫಿಲ್‌ಗಳನ್ನೇ ಎಣಿಸುವ ಪದ್ಧತಿ ಬಂದಿದೆ. ಸಿ.ಓ.ಪಿ.ಡಿ. ರೋಗಿಗಳಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಇವು ೩೦೦ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಎಳೆದುಕೊಳ್ಳುವ ಸ್ಟಿರಾಯ್ಡಿನಿಂದ ಪ್ರಯೋಜನ ನಿರೀಕ್ಷಿಸಬಹುದು; ೧೦೦ಕ್ಕಿಂತ ಕಡಮೆಯಿದ್ದರೆ ಪ್ರಯೋಜನ ಅತ್ಯಲ್ಪ, ಮೇಲಾಗಿ ಅಂಥವರಲ್ಲಿ ನ್ಯುಮೋನಿಯದ ಭಯವೂ ಉಂಟು. ಚೀಟಿಯ ಎರಡನೆಯ ಅಂಕಿ ೮೦ ಇದೇ. ಚಿಕ್ಕಪ್ಪನ ಎಣಿಕೆ ೫೪೦ ಇತ್ತೆಂದು ಅವರ ಹಳೆಯ ಕಾಗದಗಳಲ್ಲಿ ಆಮೇಲೆ ಕಂಡುಕೊಂಡೆ. ಅವರ ಪಂಪಿನಲ್ಲಿದ್ದ ಮುಖ್ಯ ಔಷಧ ಸ್ಟಿರಾಯ್ಡ್. ಅವರ ಉರಿಗೆ ಅದು ನೀರು. ಅಜ್ಜಿಯ ಎದೆಯಲ್ಲಿದ್ದ ಉರಿ ಬೇರೆ. ಅದಕ್ಕೆ ಆ ನೀರು ತಾಗಲೇ ಇಲ್ಲ.

ಉಸಿರಿನಲ್ಲಿಯೇ ಸಿಕ್ಕುವ ಇನ್ನೊಂದು ಗುರುತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಮನುಷ್ಯನ ಉಸಿರಿನಲ್ಲಿ ಇದು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು ೧೯೯೧ರಲ್ಲಿ ತೋರಿಸಿದರು. ಆಸ್ತಮಾ ರೋಗಿಗಳಲ್ಲಿ ಹೆಚ್ಚಾಗಿರುವುದು ೧೯೯೩ರಲ್ಲಿ ತಿಳಿದುಬಂದಿತು. ಈಗ ವಯಸ್ಕರಲ್ಲಿ ನೂರು ಕೋಟಿ ಭಾಗ ಉಸಿರಿಗೆ ೨೫ ಭಾಗಕ್ಕಿಂತ ಕೆಳಗಿದ್ದರೆ ಕಡಮೆಯೆಂದೂ ೫೦ಕ್ಕಿಂತ ಮೇಲಿದ್ದರೆ ಹೆಚ್ಚೆಂದೂ ಎಣಿಸುತ್ತಾರೆ. ಹೆಚ್ಚಿದ್ದರೆ ಈಯೊಸಿನೊಫಿಲ್ ಬಗೆಯ ಉರಿಯೂತ ಇರುವ ಸಂಭವ ಹೆಚ್ಚು. ಆದರೆ ಸೊಪ್ಪು ಹೆಚ್ಚು ತಿಂದವರಲ್ಲಿ ಈ ಅಂಕಿ ಏರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಇಳಿಯುತ್ತದೆ. ಇದನ್ನು ತಿಳಿಯದೆ ಅಂಕಿಯನ್ನು ಓದುವವರು ಮೋಸಹೋಗುವರು.

ರಕ್ತದಲ್ಲಿ ಸಿಗುವ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದೂ ಉರಿಯೂತದ ಸೂಚಕವೇ. ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಇದನ್ನು ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬವರು ೧೯೩೦ರಲ್ಲಿ ಕಂಡುಹಿಡಿದರು. ಸಿ.ಓ.ಪಿ.ಡಿ. ಇರುವ ಅನೇಕರಲ್ಲಿ ಇದು ಸ್ವಲ್ಪ ಏರಿರುತ್ತದೆ. ಆದರೆ ತೊಡೆಯ ಮೇಲಿನ ಕುರುವಿಗೂ ಇದು ಏರುವುದು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಬೆಲೆಗಳ ಸೂಚ್ಯಂಕವನ್ನು ನೆನಪಿಗೆ ತಂದೀತು. ಬೆಲೆ ಏರಿತೆಂದು ಸೂಚ್ಯಂಕ ಹೇಳುತ್ತದೆ. ಏರಿದುದು ರಾಗಿಯೋ ಬಟ್ಟೆಯೋ ಎಂಬುದನ್ನು ಆ ಒಂದು ಅಂಕಿಯಿಂದ ಹೇಳಲಾಗದು.

೩. ಉತ್ಕರ್ಷಣದ ಸಾಕ್ಷಿಗಳು

ಹಾಗಾದರೆ ಅಜ್ಜಿಯ ಎದೆಯಲ್ಲಿದ್ದ ಉರಿ ಯಾವ ಬಗೆಯದು? ಹೊಗೆಯಿಂದ ಬಂದ ಸಿ.ಓ.ಪಿ.ಡಿ.ಯಲ್ಲಿ ಸಾಮಾನ್ಯವಾಗಿ ಮುಂದಾಳುಗಳು ನ್ಯೂಟ್ರೊಫಿಲ್ ಎಂಬ ಬೇರೊಂದು ಜಾತಿಯ ಬಿಳಿಯ ಕಣಗಳು. ಅವುಗಳ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಅದೇ ಉತ್ಕರ್ಷಣ.

ಉತ್ಕರ್ಷಣ ನಮಗೆ ಅಪರಿಚಿತವಲ್ಲ. ಕಬ್ಬಿಣ ತುಕ್ಕು ಹಿಡಿಯುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಬಹಳ ದಿನ ಇಟ್ಟ ಕಡಲೆಕಾಯೆಣ್ಣೆ ಕಮಟು ವಾಸನೆ ಬರುವುದು, ಇವೆಲ್ಲ ಆಮ್ಲಜನಕದ ಕೆಲಸವೇ. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊದಿಕೆಯಲ್ಲಿಯೂ ಎಣ್ಣೆಯಂಥ ಪದಾರ್ಥವಿದೆ. ಉಗ್ರವಾದ ಆಮ್ಲಜನಕ ರೂಪಗಳೂ ಫ್ರೀ ರ್‍ಯಾಡಿಕಲ್‌ಗಳೂ ಅದನ್ನು ಮುಟ್ಟಿದರೆ ಅದೂ ಹೆಚ್ಚು ಕಡಮೆ ಆ ಎಣ್ಣೆಯಂತೆಯೇ ಕೆಡುವುದು. ಸಿಗರೇಟಿನ ಒಂದು ದಮ್ಮಿನ ಹೊಗೆಯಲ್ಲಿ ಇಂತಹ ರ್‍ಯಾಡಿಕಲ್‌ಗಳ ಸಂಖ್ಯೆ ಒಂದರ ಮುಂದೆ ಹದಿನೈದು ಸೊನ್ನೆಗಳನ್ನು ಹಾಕಿದಷ್ಟು ಎಂದು ಅಮೆರಿಕದ ಪ್ರೈಯರ್ ಮತ್ತು ಚರ್ಚ್ ೧೯೮೫ರಲ್ಲಿ ಲೆಕ್ಕ ಹಾಕಿದರು. ಸೌದೆಯ ಹೊಗೆಯಲ್ಲಿಯೂ ಇವು ಇವೆ. ಇಷ್ಟು ಸಾಲದೆಂಬಂತೆ ಹೊಗೆಯನ್ನು ಎದುರಿಸಲು ಬಂದ ಬಿಳಿಯ ಕಣಗಳೂ ಇವನ್ನು ಉತ್ಪತ್ತಿ ಮಾಡಿ ಎರಚುತ್ತವೆ.

ಶರೀರವೇನೂ ಕೈಕಟ್ಟಿ ಕೂರುವುದಿಲ್ಲ. ಶ್ವಾಸಕೋಶದ ಒಳಮೈಯನ್ನು ತೋಯಿಸಿರುವ ದ್ರವದಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ಪದಾರ್ಥ ರಕ್ತದ ನೀರಿನಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿದೆ. ೧೯೬೯ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವೂ ಕಾವಲಿಗಿದೆ. ಆದರೆ ದಿನವೂ ಖರ್ಚು ವರಮಾನವನ್ನು ಮೀರಿದರೆ ಯಾವ ಬೊಕ್ಕಸ ಉಳಿದೀತು? ಈ ಕೊರತೆಯ ಸ್ಥಿತಿಗೇ ಉತ್ಕರ್ಷಣದ ಒತ್ತಡ ಎಂದು ಹೆಸರು.

ಇದರ ಗುರುತುಗಳನ್ನು ಹಿಡಿಯುವ ವಿಧಾನ ಸ್ವಾರಸ್ಯವಾಗಿದೆ. ಇಡ್ಲಿಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹಬೆ ನೀರಾಗಿ ನಿಲ್ಲುವಂತೆ, ರೋಗಿಯ ಉಸಿರನ್ನು ತಂಪಾದ ಕೊಳವೆಯೊಂದರ ಮೂಲಕ ಹಾಯಿಸಿ ನೀರಾಗಿಸುತ್ತಾರೆ. ಆ ಕೆಲವು ಹನಿಗಳಲ್ಲಿ ಹೈಡ್ರೊಜನ್ ಪೆರಾಕ್ಸೈಡನ್ನೂ ೮-ಐಸೊಪ್ರೊಸ್ಟೇನ್ ಎಂಬ, ಜೀವಕೋಶದ ಕೊಬ್ಬು ಕೆಟ್ಟುದರಿಂದ ಹುಟ್ಟಿದ ಪದಾರ್ಥವನ್ನೂ ಹುಡುಕುತ್ತಾರೆ. ಸಿ.ಓ.ಪಿ.ಡಿ. ರೋಗಿಗಳಲ್ಲಿ ಇವು ಹೆಚ್ಚಾಗಿರುವುದನ್ನು ಹಲವರು ಕಂಡಿದ್ದಾರೆ. ಕೊಬ್ಬು ಕೆಟ್ಟಾಗ ಬರುವ ಇನ್ನೊಂದು ಪದಾರ್ಥ ಮ್ಯಾಲೊಂಡೈಆಲ್ಡಿಹೈಡ್. ಥಯೋಬಾರ್ಬಿಟ್ಯೂರಿಕ್ ಆಮ್ಲದೊಡನೆ ಕಾಯಿಸಿದರೆ ಇದು ಗುಲಾಬಿ ಬಣ್ಣ ಕೊಡುತ್ತದೆ. ಆಹಾರದ ಎಣ್ಣೆ ಕಮಟಾಗಿದೆಯೇ ಎಂದು ನೋಡಲೂ ಇದೇ ಪರೀಕ್ಷೆಯನ್ನು ಬಳಸುತ್ತಾರೆಂದರೆ ನಾನು ಕೊಟ್ಟ ಎಣ್ಣೆಯ ಹೋಲಿಕೆ ಬರಿಯ ಹೋಲಿಕೆಯಲ್ಲವೆಂದು ತಿಳಿಯುವುದು.

ಈ ಗುರುತುಗಳು ರೋಗದ ಬೂದಿ ಮಾತ್ರವೆ, ಅಥವಾ ಉತ್ಕರ್ಷಣವೇ ರೋಗವನ್ನು ಬೆಳೆಸುತ್ತದೆಯೆ? ಬೆಳೆಸುತ್ತದೆ ಎನ್ನಲು ಎರಡು ಒಳ್ಳೆಯ ಆಧಾರಗಳಿವೆ. ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ಕೆಲವರ ರಕ್ತದಲ್ಲಿ ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಕೊರತೆಯನ್ನು ಕಂಡರು. ಅವರಲ್ಲಿ ಹಲವರಿಗೆ ಶ್ವಾಸಕೋಶದ ಕಾಯಿಲೆಯಿತ್ತು. ಆ ಪ್ರೋಟೀನು ನ್ಯೂಟ್ರೊಫಿಲ್‌ಗಳು ಸುರಿಸುವ ಎಲಾಸ್ಟೇಸ್ ಎಂಬ ಕಿಣ್ವಕ್ಕೆ ಬೀಗವಿದ್ದಂತೆ. ಬೀಗವಿಲ್ಲದಿದ್ದರೆ ಆ ಕಿಣ್ವವು ಗಾಳಿಗೂಡುಗಳ ಗೋಡೆಯನ್ನೇ ತಿಂದುಹಾಕುವುದು. ಹುಟ್ಟಿನಿಂದ ಬೀಗವಿದ್ದವರಲ್ಲಿಯೂ ಹೊಗೆಯ ಉತ್ಕರ್ಷಕಗಳು ಅದರ ಮುಖ್ಯವಾದ ಒಂದು ಭಾಗವನ್ನು ಕೆಡಿಸಿ ಕೆಲಸಕ್ಕೆ ಬಾರದಂತೆ ಮಾಡಬಲ್ಲವು. ಎರಡನೆಯದಾಗಿ, ಸ್ಟಿರಾಯ್ಡ್ ಔಷಧವು ಉರಿಯೂತವನ್ನು ಅಡಗಿಸಲು ಜೀವಕೋಶದೊಳಗೆ ಎಚ್.ಡಿ.ಎ.ಸಿ.-೨ ಎಂಬ ಕಿಣ್ವದ ನೆರವನ್ನು ಪಡೆಯುತ್ತದೆ. ಸಿ.ಓ.ಪಿ.ಡಿ. ರೋಗಿಗಳ ಶ್ವಾಸಕೋಶದಲ್ಲಿ ಈ ಬಗೆಯ ಕಿಣ್ವಗಳ ಶಕ್ತಿ ಕುಗ್ಗಿರುವುದನ್ನು ೨೦೦೫ರಲ್ಲಿ ಲಂಡನ್ನಿನ ಇಟೊ, ಬಾರ್ನ್ಸ್ ಮುಂತಾದವರು ಪ್ರಕಟಿಸಿದರು. ಉತ್ಕರ್ಷಣದ ಒತ್ತಡ ಈ ಕುಗ್ಗುವಿಕೆಗೆ ಕಾರಣವಾಗಬಲ್ಲುದು. ಅಜ್ಜಿಯ ಎರಡು ವರ್ಷದ ಪಂಪು ಏಕೆ ಸೋತಿತೆಂಬುದು ಇದನ್ನು ಓದಿದಾಗ ನನಗೆ ಸ್ವಲ್ಪಮಟ್ಟಿಗೆ ಹೊಳೆಯಿತು.

೪. ಸಾಕ್ಷಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಇಷ್ಟೆಲ್ಲ ಓದಿದ ಮೇಲೆ ಉತ್ಸಾಹದಿಂದ ಡಾಕ್ಟರ ಬಳಿ ಹೋಗಿ, ಅಜ್ಜಿಯ ಉಸಿರಿನ ಹನಿಗಳನ್ನೂ ಪರೀಕ್ಷಿಸಬಾರದೇ ಎಂದು ಕೇಳಿದೆ. ಅವರು ನಕ್ಕರು. "ಪರೀಕ್ಷಿಸಿದರೆ ಒಂದು ಅಂಕಿ ಬರುತ್ತದೆ ಕಣಪ್ಪ. ಅದನ್ನು ಕಟ್ಟಿಕೊಂಡು ನಾನೇನು ಔಷಧ ಬರೆಯಲಿ?" ಎಂದರು.

ಆ ಮಾತಿನಲ್ಲಿ ದೊಡ್ಡ ಪಾಠವಿದೆ. ಉಸಿರಿನ ಹನಿಗಳಲ್ಲಿ ಈ ಪದಾರ್ಥಗಳ ಪ್ರಮಾಣ ಅತ್ಯಲ್ಪ. ಹಬೆಯ ನೀರಿನಿಂದ ಅವು ಎಷ್ಟು ತೆಳುವಾಗಿವೆಯೆಂಬುದು ಬಾರಿಬಾರಿಗೂ ಬೇರೆಯಾಗುತ್ತದೆ. ಒಂದು ಪ್ರಯೋಗಶಾಲೆಯ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸುವುದು ಕಷ್ಟ. ಗುಲಾಬಿ ಬಣ್ಣದ ಪರೀಕ್ಷೆಯಲ್ಲಿ ಬೇರೆ ಪದಾರ್ಥಗಳೂ ಅದೇ ಬಣ್ಣ ಕೊಟ್ಟು ದಾರಿ ತಪ್ಪಿಸಬಹುದು. ಆದುದರಿಂದ ಉತ್ಕರ್ಷಣದ ಸೂಚಕಗಳು ಸಂಶೋಧಕರಿಗೆ ರೋಗದ ಹುಟ್ಟನ್ನು ತಿಳಿಸಿಕೊಟ್ಟಿವೆಯಾದರೂ ರೋಗಿಯ ಮಂಚದ ಬಳಿಗೆ ಇನ್ನೂ ಬಂದಿಲ್ಲ. ಉತ್ಕರ್ಷಣವನ್ನು ತಡೆಯುವ ಔಷಧ ಕೊಟ್ಟರೆ ಸರಿಹೋದೀತೆಂಬ ಆಸೆಯೂ ಸುಲಭವಾಗಿ ಕೈಗೂಡಲಿಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧವನ್ನು ಯೂರೋಪಿನಲ್ಲಿ ೫೨೩ ಮಂದಿ ಸಿ.ಓ.ಪಿ.ಡಿ. ರೋಗಿಗಳಲ್ಲಿ ಮೂರು ವರ್ಷಗಳ ಕಾಲ ಪರೀಕ್ಷಿಸಿ ೨೦೦೫ರಲ್ಲಿ ಫಲಿತಾಂಶ ಹೇಳಿದರು: ಶ್ವಾಸಕೋಶದ ಶಕ್ತಿ ಕುಂದುವ ವೇಗ ಅದರಿಂದ ತಗ್ಗಲಿಲ್ಲ.

ಹೀಗೆ, ಏರಿದ ಅಂಕಿಯೆಲ್ಲ ಉಪಯುಕ್ತ ಸೂಚಕವಲ್ಲ. ಯಾವ ಅಂಕಿಯನ್ನು ನೋಡಿ ವೈದ್ಯನು ಮಾಡುವ ಕೆಲಸ ಬದಲಾಗಿ ರೋಗಿಗೆ ಒಳ್ಳೆಯದಾಗುವುದೋ ಅದೇ ಒಳ್ಳೆಯ ಸೂಚಕ. ಈ ಒರೆಗೆ ಹಚ್ಚಿದರೆ ಈಯೊಸಿನೊಫಿಲ್ ಎಣಿಕೆ ಗಟ್ಟಿ ನಾಣ್ಯ. ಅದಕ್ಕೂ ಮಿತಿಯಿದೆ: ಹೊಟ್ಟೆಯ ಹುಳುವಿನಿಂದಲೂ ಅದು ಏರಬಹುದು, ಸ್ಟಿರಾಯ್ಡ್ ಮಾತ್ರೆಯಿಂದ ಇಳಿಯುವುದು. ಸೂಚಕವು ಸಾಕ್ಷಿ, ತೀರ್ಪು ಕೊಡಬೇಕಾದವನು ರೋಗಿಯ ಮಾತನ್ನೂ ಕೇಳಿದ ವೈದ್ಯನು.

೫. ಮನೆಯಲ್ಲಿಯೇ ಮಾಡಬಹುದಾದ ಲೆಕ್ಕ

ಪ್ರಯೋಗಶಾಲೆಯೇ ಬೇಡದ ಒಂದು ಸೂಚಕವೂ ಇದೆ. ಅದು ಶರೀರದ ಗುರುತಲ್ಲ, ಹೊಗೆಯ ಲೆಕ್ಕ. ಸೌದೆ, ಬೆರಣಿಯ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಅದನ್ನು ಎಷ್ಟು ವರ್ಷ, ಎಂದು ಗುಣಿಸಬೇಕು. ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ಮಹೇಶ್ ಮತ್ತು ಅವರ ಸಂಗಡಿಗರು ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗುಣಲಬ್ಧ ೬೦ನ್ನು ಮುಟ್ಟಿದಾಗ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಣನೀಯವಾಗುವುದೆಂದು ಕಂಡುಬಂದಿತು. ಬೀಡಿಯನ್ನು ಕೈಯಿಂದಲೂ ಮುಟ್ಟದ ಹೆಂಗಸರಿಗೆ ಸೇದುವವರ ಕಾಯಿಲೆ ಏಕೆ ಬರುತ್ತದೆಂಬುದಕ್ಕೆ ಇದು ಉತ್ತರ.

ಅಜ್ಜಿಯ ಲೆಕ್ಕವನ್ನು ಮಾಡಿದೆ. ನಲವತ್ತು ವರ್ಷ, ದಿನಕ್ಕೆ ಐದು ಗಂಟೆ: ೨೦೦. ಆಶ್ಚರ್ಯವಾಗಲಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು; ಆದರೆ ಅವ್ವನೂ ಎದುರಿಗೇ ಕುಳಿತಿದ್ದಳು. ಮದುವೆಯಾಗಿ ೨೦೦೨ರಲ್ಲಿ ಮನೆಗೆ ಬಂದಂದಿನಿಂದ ೨೦೧೬ರಲ್ಲಿ ಗ್ಯಾಸ್ ಬರುವವರೆಗೆ ಹದಿನಾಲ್ಕು ವರ್ಷ, ದಿನಕ್ಕೆ ಮೂರು ಗಂಟೆ: ೪೨. ಗ್ಯಾಸ್ ಬಂದ ಮೇಲೂ ಮುದ್ದೆಗೆ ಸೌದೆ ಒಲೆ, ಬಚ್ಚಲ ಹಂಡೆಗೆ ತೆಂಗಿನ ಗರಿ. ಎಂಟು ವರ್ಷ, ದಿನಕ್ಕೆ ಎರಡು ಗಂಟೆ: ೧೬. ಒಟ್ಟು ೫೮. ಪುಸ್ತಕದ ಹಾಳೆಯ ಮೇಲೆ ಆ ಅಂಕಿಯನ್ನು ಬರೆದು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ೬೦ ಎಂಬುದು ಊರ ಗಡಿಯ ಕಲ್ಲಲ್ಲ. ೫೯ರವರೆಗೆ ಕ್ಷೇಮ, ಅದರಾಚೆ ರೋಗ ಎಂದು ಅರ್ಥವಲ್ಲ. ಆದರೂ ಕೂಡಿಸುತ್ತಾ ಹೋಗುವ ಅಂಕಿ ಅದು, ಕಳೆಯುವ ದಾರಿಯಿಲ್ಲ. ಇನ್ನು ಮುಂದೆ ಕೂಡಿಸದಿರುವುದು ಮಾತ್ರ ನಮ್ಮ ಕೈಯಲ್ಲಿದೆ. "ಏನ್ ಮಗ, ಅದೇನ್ ಬರ್ಕೊಂಡೆ?" ಎಂದು ಅವ್ವ ಕೇಳಿದಳು. ಹೇಳಿದೆ. "ಮುದ್ದೆ ಗ್ಯಾಸಲ್ಲೇ ಬೇಯ್ಸಾನ ಬುಡು. ಹಂಡೆಗೇನ್ ಮಾಡೀಯೆ?" ಎಂದಳು.

ಈ ದಸರೆಯ ರಜೆಯಲ್ಲಿ ಚಿಕ್ಕಪ್ಪನೂ ನಾನೂ ಸೇರಿ ಹಂಡೆಯ ಒಲೆಗೆ ಹೊಗೆಗೊಳವೆ ಕಟ್ಟಿದೆವು. ಕೆಲಸ ಅಷ್ಟೇನೂ ಚೆಂದವಾಗಿಲ್ಲ. ಗಾಳಿ ತಿರುಗಿದ ದಿನ ಹೊಗೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಬೆಂಕಿ ಹಾಕುವ ಕೆಲಸ ಈಗ ಮನೆಯ ಗಂಡಸರಿಗೂ ಸರದಿಯ ಮೇಲೆ ಬರುತ್ತದೆ. ಅಜ್ಜಿಗೆ ಹೊಸ ಪಂಪಿನಿಂದ ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಸವೆದ ಗಾಳಿಗೂಡು ಮತ್ತೆ ಬೆಳೆಯದು. ಆದರೆ ಮಾರಿಗುಡಿಯ ದಾರಿಯಲ್ಲಿ ಮೂರು ಕಡೆ ಕೂರುತ್ತಿದ್ದವರು ಈಗ ಒಂದೇ ಕಡೆ ಕೂರುತ್ತಾರೆ.

ನನ್ನ ಸಹಪಾಠಿಗಳಲ್ಲಿ ಹಳ್ಳಿಯಿಂದ ಬರುವವರೇ ಹೆಚ್ಚು. ಅವರಲ್ಲಿ ನನ್ನದೊಂದು ಪ್ರಾರ್ಥನೆ. ಈ ಲೇಖನವನ್ನು ಓದಿ ಯಾರೂ ಮನೆಯವರಿಗೆ ತಾವೇ ಔಷಧ ನಿಶ್ಚಯಿಸಬಾರದು. ನಾವು ಮಾಡಿದ ತಪ್ಪೇ ಅದು. ಆದರೆ ಮುಂದಿನ ಸಲ ಊರಿಗೆ ಹೋದಾಗ ತಾಯಿಯ ಬಳಿ ಕುಳಿತು ಆ ಗುಣಾಕಾರವನ್ನು ಮಾಡಬಹುದು. ಉತ್ತರ ದೊಡ್ಡದಾಗಿದ್ದರೆ, ಕೆಮ್ಮೂ ಇದ್ದರೆ, ಅದನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು ಡಾಕ್ಟರ ಬಳಿಗೆ ಹೋಗಬಹುದು. ಅವರು ಎರಡು ಅಂಕಿ ಬರೆದು ಕೊಡುವ ಮೊದಲು ನಾವೇ ಅವರಿಗೆ ಒಂದು ಅಂಕಿಯನ್ನು ಕೊಟ್ಟಂತಾಗುವುದು.